ಮಕ್ಕಳ ಪುಸ್ತಕದ ರಣರಂಗ: ಓದುಗರ ಪ್ರಶ್ನೆ, ನಮ್ಮ ಉತ್ತರ

ಬೇಸಿಗೆ ರಜೆಯಲ್ಲಿ ಮಕ್ಕಳು ಓದಬಹುದಾದ ಮಾಯಾಲೋಕದ ಕತೆಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಅದಕ್ಕೆ ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಸಂಗತಿಯನ್ನು ಎತ್ತಿವೆ: ಆ ಕತೆಗಳ ತುಂಬ ನಡೆಯುವ ಯುದ್ಧ. ಅವುಗಳಲ್ಲಿ ಐದನ್ನು ಆರಿಸಿಕೊಂಡು, ಈ ತಿಂಗಳ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನನ್ನ ಮಗನಿಗೆ ಒಂಬತ್ತು ವರ್ಷ. ಮಾಂತ್ರಿಕರು, ರಾಕ್ಷಸರು, ಹಾರುವ ಸರ್ಪಗಳು ಬರುವ ಪುಸ್ತಕಗಳನ್ನು ಬಿಟ್ಟರೆ ಬೇರೆ ಯಾವುದನ್ನೂ ಮುಟ್ಟುವುದಿಲ್ಲ. ಓದಿ ಮುಗಿಸಿದೊಡನೆ ಕೋಲು ಹಿಡಿದು ಮಾಳಿಗೆ ಏರುತ್ತಾನೆ. ಊಟಕ್ಕೆ ಕರೆದರೆ, ‘ತಡಿ ಅವ್ವಾ, ಇನ್ನಾ ನೂರು ಮಂದಿ ಉಳದಾರ’ ಎನ್ನುತ್ತಾನೆ. ಕೊಲ್ಲುವ ಮಾತನ್ನು ಇಷ್ಟು ಹಗುರವಾಗಿ ಆಡುವುದು ಕೇಳಿ ನನಗೆ ಅಂಜಿಕೆಯಾಗುತ್ತದೆ. ಈ ಪುಸ್ತಕಗಳನ್ನು ಬಿಡಿಸಬೇಕೇ?
— ಒಬ್ಬ ತಾಯಿ, ಕಲಬುರಗಿ

ಉತ್ತರ: ತಾಯೀ, ಕೋಲನ್ನು ಕಸಿಯಬೇಡಿ, ಪುಸ್ತಕವನ್ನೂ ಬಿಡಿಸಬೇಡಿ. ಮಾಳಿಗೆಯ ಮೇಲಿನ ಯುದ್ಧವು ಆಟವೆಂಬುದು ನಿಮ್ಮ ಮಗನಿಗೆ ಚೆನ್ನಾಗಿ ಗೊತ್ತಿದೆ. ಗೆಳೆಯನ ಕೈಗೆ ನಿಜವಾಗಿ ಪೆಟ್ಟು ಬಿದ್ದ ಕ್ಷಣವೇ ಅವನು ಕೋಲನ್ನು ಕೆಳಗೆ ಹಾಕಿ ಓಡಿ ಹೋಗಿ ಅವನನ್ನು ಎಬ್ಬಿಸುವುದನ್ನು ನೀವೇ ನೋಡಿರುತ್ತೀರಿ. ಆದರೆ ನಿಮ್ಮ ಅಂಜಿಕೆಯಲ್ಲಿಯೂ ಹುರುಳಿದೆ. ಅದು ಆ ‘ನೂರು ಮಂದಿ’ ಎಂಬ ಮಾತಿನಲ್ಲಿದೆ. ಆ ನೂರು ಮಂದಿಗೆ ಮುಖವಿಲ್ಲ, ಊರಿಲ್ಲ, ಅವರನ್ನು ಊಟಕ್ಕೆ ಕರೆಯುವ ಅವ್ವ ಇಲ್ಲ. ಇಂಥ ಸೈನ್ಯವನ್ನು ಮಗು ತಾನಾಗಿ ಹುಟ್ಟಿಸಿಕೊಂಡದ್ದಲ್ಲ, ಪುಸ್ತಕಗಳು ಅವನ ಕೈಗೆ ಕೊಟ್ಟದ್ದು. ಮಕ್ಕಳಿಗಾಗಿ ಬರೆದ ಅನೇಕ ಮಾಯಾಲೋಕದ ಕತೆಗಳಲ್ಲಿ ವೈರಿ ಪಡೆಯವರೆಲ್ಲ ಒಂದೇ ಅಚ್ಚಿನಲ್ಲಿ ಎರೆದಂತೆ ಕುರೂಪಿಗಳಾಗಿರುತ್ತಾರೆ, ಗುರುಗುಟ್ಟುವುದನ್ನು ಬಿಟ್ಟರೆ ಅವರಿಗೆ ಮಾತು ಬಾರದು, ಮತ್ತು ನಾಯಕನು ಅವರನ್ನು ಸುಗ್ಗಿಯಲ್ಲಿ ಜೋಳದ ದಂಟು ಕೊಯ್ದಂತೆ ಕೊಯ್ಯುತ್ತ ಸಾಗುತ್ತಾನೆ. ಪುಟದ ಮೇಲೆ ಒಂದು ಹನಿ ರಕ್ತವೂ ಕಾಣದಂತೆ ಬರೆದ ಕತೆಯೂ ಹೀಗಿರಬಹುದು. ಆದ್ದರಿಂದ ರಕ್ತ ಎಷ್ಟಿದೆ ಎಂದು ಅಳೆಯುವುದರಲ್ಲಿ ನನಗೆ ನಂಬಿಕೆಯಿಲ್ಲ. ಸತ್ತವನು ಯಾರಾಗಿದ್ದ ಎಂದು ಆ ಕತೆ ಒಮ್ಮೆಯಾದರೂ ಕೇಳುತ್ತದೆಯೇ ಎಂಬುದನ್ನೇ ನಾನು ಮೊದಲು ನೋಡುತ್ತೇನೆ.

ಕೆಲವು ವರ್ಷಗಳ ಹಿಂದೆ ಮಕ್ಕಳ ಒಂದು ಗುಂಪನ್ನು ಕರೆದುಕೊಂಡು ನಮ್ಮ ಕಲಬುರಗಿ ಕೋಟೆಗೆ ಹೋಗಿದ್ದೆ. ಮೇಲಿರುವ ಬಾರಾ ಗಜಿ ತೋಪು ಎಂಬ ಫಿರಂಗಿ ಸುಮಾರು 29 ಅಡಿ ಉದ್ದವಿದೆ. ಹುಡುಗರು ಅದರ ಮೇಲೆ ಅಂಗೈ ಸವರಿದರು. ಬಿಸಿಲಿಗೆ ಕಾದ ಲೋಹ ಚುರುಕ್ಕೆಂದಾಗ ಕೈ ಹಿಂದಕ್ಕೆಳೆದುಕೊಂಡು ನಕ್ಕರು. ಎಷ್ಟು ಮಂದಿ ಸಾಲಾಗಿ ಮಲಗಿದರೆ ಅದರ ಉದ್ದಕ್ಕೆ ಸಮನಾಗುತ್ತದೆ ಎಂದು ಲೆಕ್ಕ ಹಾಕಿದರು. ಅಷ್ಟರಲ್ಲಿ ಎಲ್ಲರಿಗಿಂತ ಸಣ್ಣ ಹುಡುಗಿಯೊಬ್ಬಳು ತೋಪಿನ ಬಾಯಿಯ ಕಡೆ ಹೋಗಿ ನಿಂತು, ಅದು ಮುಖ ಮಾಡಿದ ದಿಕ್ಕಿನತ್ತ ನೋಡುತ್ತ, ‘ಗುಂಡು ಹೋಗಿ ಎಲ್ಲಿ ಬೀಳತಿತ್ತು? ಅಲ್ಲಿ ಯಾರ ಮನಿ ಇತ್ತು?’ ಎಂದು ಕೇಳಿದಳು. ತೋಪಿನ ಉದ್ದ, ತೂಕ, ಕಾಲಗಳನ್ನೆಲ್ಲ ಹೇಳಲು ಸಿದ್ಧನಾಗಿ ಬಂದಿದ್ದ ನನ್ನಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಆ ದಿನದಿಂದ ಮಕ್ಕಳ ಯುದ್ಧಕತೆಯನ್ನು ಕೈಗೆತ್ತಿಕೊಂಡಾಗಲೆಲ್ಲ ಅವಳ ಪ್ರಶ್ನೆಯನ್ನೇ ಆ ಪುಸ್ತಕಕ್ಕೂ ಕೇಳುತ್ತ ಬಂದಿದ್ದೇನೆ.

ನೀವು ಮಾಡಬಹುದಾದದ್ದು ದೊಡ್ಡ ಕೆಲಸವೇನೂ ಅಲ್ಲ. ಒಂದು ಸಂಜೆ ಅವನೊಡನೆ ನೀವೂ ಮಾಳಿಗೆ ಹತ್ತಿ, ವೈರಿ ಕೋಟೆಯ ಬಾಗಿಲು ಕಾಯುವವನಾಗಿ ನಿಲ್ಲಿರಿ. ಅವನು ಹೊಡೆಯಲು ಬಂದಾಗ ನಿಮ್ಮ ಹೆಸರು ಹೇಳಿ, ಊರು ಹೇಳಿ, ನಿನ್ನೆಯಿಂದ ರೊಟ್ಟಿ ಕಂಡಿಲ್ಲವೆಂದು ಹೇಳಿ. ಆಟ ಅಲ್ಲಿಗೆ ನಿಲ್ಲುವುದಿಲ್ಲ, ಬೇರೆ ಹಾದಿ ಹಿಡಿಯುತ್ತದೆ. ಮಕ್ಕಳು ಇಂಥ ತಿರುವನ್ನು ದೊಡ್ಡವರಿಗಿಂತ ಬೇಗ ಹಿಡಿಯುತ್ತಾರೆ. ನಮ್ಮ ಭಾಗದ ಮಕ್ಕಳಿಗೆ ಇದು ತೀರ ಹೊಸದೂ ಅಲ್ಲ. ಮೊಹರಂ ಹಬ್ಬದಲ್ಲಿ ನಮ್ಮ ಹಳ್ಳಿಗಳಲ್ಲಿ ಎಲ್ಲ ಜಾತಿ ಮತದವರೂ ಕೂಡಿ ಹಾಡುವ ರಿವಾಯತ್ ಪದಗಳನ್ನು ನಿಮ್ಮ ಮನೆಯ ಹಿರಿಯರು ಕೇಳಿಯೇ ಇರುತ್ತಾರೆ. ಪ್ರವಾದಿಯವರ ಮೊಮ್ಮಗ ಹುಸೇನರು ಮಡಿದ, ಕ್ರಿಸ್ತಶಕ 680ರ ಕರ್ಬಲಾ ಕಾಳಗವನ್ನು ಆ ಪದಗಳು ಗೆದ್ದವರ ಕಡೆಯಿಂದ ಹೇಳುವುದಿಲ್ಲ. ನೀರಿಲ್ಲದೆ ಬಾಯಾರಿದ ಮಕ್ಕಳ ಕಡೆಯಿಂದ, ತೊಟ್ಟಿಲ ಕೂಸನ್ನು ಕಳೆದುಕೊಂಡ ತಾಯಿಯ ಕಡೆಯಿಂದ ಹೇಳುತ್ತವೆ. ಮೊಹರಂನ ಬೆಂಕಿ ಉರಿಸುವ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವ ಹುಡುಗನು ಕತ್ತಿಯ ಝಳಪಿನ ಜೊತೆಗೆ ಆ ನೀರಡಿಕೆಯನ್ನೂ ಕೇಳಿಸಿಕೊಳ್ಳುತ್ತಾನೆ.

ಪ್ರಶ್ನೆ: ನಮ್ಮ ಶಾಲೆಯ ಗ್ರಂಥಾಲಯಕ್ಕೆ ಇಂಗ್ಲಿಷಿನ ಪ್ರಸಿದ್ಧ ಮಾಯಾಲೋಕದ ಕತೆಗಳನ್ನು ತರಿಸಿದ್ದಕ್ಕೆ, ಅವು ಮಕ್ಕಳಿಗೆ ಯುದ್ಧವನ್ನು ಹಬ್ಬದಂತೆ ತೋರಿಸುತ್ತವೆ ಎಂದು ಪಾಲಕರೊಬ್ಬರು ಆಕ್ಷೇಪಿಸಿದ್ದಾರೆ. ಈ ಮಾತು ನಿಜವೇ?
— ಒಬ್ಬ ಶಿಕ್ಷಕ, ಭಾಲ್ಕಿ ತಾಲ್ಲೂಕು, ಬೀದರ್ ಜಿಲ್ಲೆ

ಉತ್ತರ: ಗುರುಗಳೇ, ಅಂಥ ಪುಸ್ತಕಗಳಿವೆ, ಆದರೆ ಆ ಮಾತನ್ನು ಎಲ್ಲಕ್ಕೂ ಅನ್ವಯಿಸಲಾಗದು. ಈ ಪ್ರಕಾರಕ್ಕೆ ಅಡಿಪಾಯ ಹಾಕಿದ ಇಬ್ಬರು ಲೇಖಕರು ಯುದ್ಧವನ್ನು ಕಣ್ಣಾರೆ ಕಂಡವರಾಗಿದ್ದರು ಎಂಬುದನ್ನು ಆ ಪಾಲಕರಿಗೆ ಮೊದಲು ತಿಳಿಸಿ. ಟೋಲ್ಕಿನ್ ಅವರು ಮೊದಲನೆಯ ಮಹಾಯುದ್ಧದಲ್ಲಿ, 1916ರಲ್ಲಿ, ಫ್ರಾನ್ಸಿನ ಸೋಮ್ ಕದನದ ಕಂದಕಗಳಲ್ಲಿದ್ದರು. 1918ರ ಹೊತ್ತಿಗೆ ತಮ್ಮ ಆಪ್ತ ಗೆಳೆಯರಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ತೀರಿಹೋಗಿದ್ದರೆಂದು ಅವರೇ ಮುಂದೆ ಬರೆದಿದ್ದಾರೆ. ಸಿ. ಎಸ್. ಲೂಯಿಸ್ ಅವರು ತಮ್ಮ ಹತ್ತೊಂಬತ್ತನೆಯ ಹುಟ್ಟುಹಬ್ಬದ ದಿನ ಯುದ್ಧದ ಮುಂಚೂಣಿಯನ್ನು ತಲುಪಿ, 1918ರ ಏಪ್ರಿಲ್ ತಿಂಗಳಲ್ಲಿ ಸಿಡಿಗುಂಡಿನ ಚೂರು ತಗುಲಿ ಗಾಯಗೊಂಡವರು.

ಈಗ ಅವರು ಮಕ್ಕಳಿಗಾಗಿ ಬರೆದ ಯುದ್ಧವನ್ನು ಗಮನಿಸಿ. 1937ರಲ್ಲಿ ಬಂದ ಟೋಲ್ಕಿನ್ ಅವರ ‘ದಿ ಹಾಬಿಟ್’ ಕತೆಯು ಐದು ಸೈನ್ಯಗಳ ಮಹಾಕದನದ ಕಡೆಗೇ ಸಾಗುತ್ತದೆ. ಆದರೆ ಕದನ ಬಿರುಸಾದ ಹೊತ್ತಿನಲ್ಲಿ ಕಥಾನಾಯಕನ ತಲೆಗೆ ಕಲ್ಲೊಂದು ಬಡಿದು ಅವನು ಎಚ್ಚರ ತಪ್ಪಿ ಬೀಳುತ್ತಾನೆ. ಕಣ್ಣು ತೆರೆದಾಗ ಎಲ್ಲ ಮುಗಿದಿದೆ, ಮೈ ಚಳಿಯಿಂದ ಮರಗಟ್ಟಿದೆ, ಸುತ್ತ ಜೀವಂತ ಯಾರೂ ಕಾಣುತ್ತಿಲ್ಲ. ಗೆಲುವಿನ ಕೇಕೆ ಕೇಳಬೇಕಾದ ಜಾಗದಲ್ಲಿ ಸಾಯುತ್ತ ಮಲಗಿದ ಹಳೆಯ ಒಡನಾಡಿಯೊಬ್ಬನು ತನ್ನ ಕಟುಮಾತುಗಳನ್ನು ಹಿಂತೆಗೆದುಕೊಂಡು ಅವನನ್ನು ಬೀಳ್ಕೊಡುತ್ತಾನೆ. ಮಕ್ಕಳ ಪುಸ್ತಕದ ಅತಿ ದೊಡ್ಡ ಯುದ್ಧವನ್ನು ನಾಯಕನ ಕಣ್ಣಿನಿಂದ ಮರೆಮಾಡುವ ಧೈರ್ಯ, ಆ ಸದ್ದನ್ನು ನಿಜವಾಗಿ ಕೇಳಿದವರಿಗೆ ಮಾತ್ರ ಇರಬಹುದೆಂದು ನನಗೆ ಅನಿಸುತ್ತದೆ. ಲೂಯಿಸ್ ಅವರ ನಾರ್ನಿಯಾ ಸರಣಿಯಲ್ಲಿ ಮೊದಲು ಪ್ರಕಟವಾದ, 1950ರ ಪುಸ್ತಕದಲ್ಲಿ, ಹಿರಿಯ ಹುಡುಗನು ಮೊದಲ ಬಾರಿ ಕತ್ತಿ ಹಿಡಿದು ತೋಳದೆದುರು ಧಾವಿಸುವಾಗ ಅವನಲ್ಲಿ ಶೌರ್ಯ ಉಕ್ಕುವುದಿಲ್ಲ, ವಾಂತಿ ಬರುವಂತಾಗುತ್ತದೆ.

ಆದರೂ ಇವರ ಪುಸ್ತಕಗಳನ್ನು ಕಣ್ಣು ಮುಚ್ಚಿ ಕೊಡಿ ಎಂದು ನಾನು ಹೇಳಲಾರೆ. ಟೋಲ್ಕಿನ್ ಅವರ ಗಾಬ್ಲಿನ್ ಎಂಬ ದುಷ್ಟ ಜೀವಿಗಳ ಪಡೆ ನಾನು ಮೇಲೆ ಹೇಳಿದ ಮುಖವಿಲ್ಲದ ಸೈನ್ಯವೇ ಆಗಿದೆ; ಅವರಲ್ಲಿ ಒಬ್ಬನಾದರೂ ಮನೆಗೆ ಮರಳಲು ಬಯಸಿದ್ದನೇ ಎಂದು ಮಗು ಕೇಳಿದರೆ ಪುಸ್ತಕದಲ್ಲಿ ಉತ್ತರವಿಲ್ಲ. ಲೂಯಿಸ್ ಅವರ ಕತೆಯಲ್ಲಿ ಕೆಲವೇ ಹನಿಗಳಿಂದ ಎಂಥ ಗಾಯವನ್ನೂ ಮಾಯಿಸುವ ಔಷಧಿಯಿದೆ. ಹುಡುಗಿಯು ತನ್ನ ಅಣ್ಣನ ಬಳಿಯೇ ನಿಂತಾಗ, ಇತರರೂ ಸಾಯುತ್ತಿದ್ದಾರೆಂದು ಕತೆಯ ಮಾತಾಡುವ ಸಿಂಹವು ಅವಳನ್ನು ಎಚ್ಚರಿಸುತ್ತದೆ ಎಂಬ ಒಂದು ನೆನಪಿಡುವ ಗಳಿಗೆ ಇದ್ದರೂ, ಆ ಔಷಧಿ ಯುದ್ಧದ ಭಾರವನ್ನು ಬಹಳ ಬೇಗ ಇಳಿಸಿಬಿಡುತ್ತದೆ. ಇದಕ್ಕೆ ಹೋಲಿಸಿದರೆ 2007ರಲ್ಲಿ ಬಂದ ಹ್ಯಾರಿ ಪಾಟರ್ ಸರಣಿಯ ಕೊನೆಯ ಪುಸ್ತಕವು ಮಕ್ಕಳು ಊಟ ಮಾಡುತ್ತಿದ್ದ ಶಾಲೆಯ ದೊಡ್ಡ ಕೋಣೆಯಲ್ಲಿಯೇ ಸತ್ತವರನ್ನು ಸಾಲಾಗಿ ಮಲಗಿಸುತ್ತದೆ. ಆ ಕೋಣೆಯನ್ನು ಆರು ಪುಸ್ತಕಗಳುದ್ದಕ್ಕೂ ಕಂಡ ಓದುಗನಿಗೆ ಅದರ ನೋವು ಬೇರೆ ವಿವರಣೆಯಿಲ್ಲದೆ ತಟ್ಟುತ್ತದೆ.

ಇಂಥ ಶಾಲೆಯೊಂದು ನಿಮ್ಮ ಜಿಲ್ಲೆಯಲ್ಲಿಯೇ ಇದೆ, ಗುರುಗಳೇ. ಬೀದರಿನಲ್ಲಿ ಬಹಮನಿ ಸುಲ್ತಾನರ ಪ್ರಧಾನಿ ಖ್ವಾಜಾ ಮಹಮೂದ್ ಗವಾನನು 1472ರಲ್ಲಿ ಕಟ್ಟಿಸಿದ ಮದರಸಾದಲ್ಲಿ ದೂರದ ದೇಶಗಳ ವಿದ್ವಾಂಸರು ಪಾಠ ಹೇಳುತ್ತಿದ್ದರು, ದೊಡ್ಡ ಪುಸ್ತಕ ಭಂಡಾರವಿತ್ತು. ಮುಂದೆ ಕಾಲ ಬದಲಾಗಿ ಅಲ್ಲಿ ಸೈನ್ಯ ಬೀಡುಬಿಟ್ಟಿತು, ಕೋಣೆಗಳಲ್ಲಿ ಸಿಡಿಮದ್ದನ್ನು ಶೇಖರಿಸಲಾಯಿತು, 1696ರಲ್ಲಿ ಅದು ಸಿಡಿದು ಕಟ್ಟಡದ ಒಂದು ಪಾರ್ಶ್ವವೇ ನೆಲಕ್ಕುರುಳಿತು. ಎರಡು ಮಿನಾರುಗಳಲ್ಲಿ ಇಂದು ಉಳಿದಿರುವುದು ಒಂದೇ. ಮಕ್ಕಳನ್ನು ಅದರ ಮುಂದೆ ನಿಲ್ಲಿಸಿ, ನೀಲಿ ಹಸಿರು ಹೆಂಚಿನ ಚೂರುಗಳು ಇನ್ನೂ ಅಂಟಿಕೊಂಡಿರುವ ಆ ಗೋಡೆಯನ್ನು ತೋರಿಸಿ, ಇಲ್ಲದಿರುವ ಮಿನಾರಿನ ಕತೆ ಹೇಳಿ. ಆಮೇಲೆ ಗ್ರಂಥಾಲಯದ ಯಾವ ಪುಸ್ತಕದ ಯುದ್ಧ ಸುಳ್ಳು, ಯಾವುದು ನಿಜ ಎಂದು ಅವರೇ ಆರಿಸಬಲ್ಲರು. ಪಾಲಕರ ಆಕ್ಷೇಪಕ್ಕೂ ಅವರೇ ಉತ್ತರ ಕೊಟ್ಟಾರು.

ಪ್ರಶ್ನೆ: ನಮ್ಮ ಮಹಾಕಾವ್ಯಗಳಿರುವಾಗ ಹೊರಗಿನ ಯುದ್ಧಕತೆಗಳು ನಮ್ಮ ಮಕ್ಕಳಿಗೇಕೆ ಬೇಕು? ನಮ್ಮಲ್ಲಿ ವೀರರಸಕ್ಕೇನು ಕೊರತೆ?
— ಒಬ್ಬ ಹಿರಿಯ ಓದುಗರು, ಚಿತ್ತಾಪುರ, ಕಲಬುರಗಿ ಜಿಲ್ಲೆ

ಉತ್ತರ: ಹಿರಿಯರೇ, ಕೊರತೆಯಿಲ್ಲ ಎಂಬುದನ್ನು ಒಪ್ಪುತ್ತೇನೆ, ಆದರೆ ನಮ್ಮ ಕವಿಗಳು ವೀರರಸದ ಬಳಿಕ ಏನನ್ನು ಬರೆದರು ಎಂಬುದನ್ನು ನಾವು ಮಕ್ಕಳಿಗೆ ಹೇಳುತ್ತಿಲ್ಲ. ರನ್ನನ ಗದಾಯುದ್ಧದಲ್ಲಿ ದುರ್ಯೋಧನನು ಸಂಜಯನೊಡನೆ ಭೀಷ್ಮರನ್ನು ಕಾಣಲು ಹೆಣಗಳ ರಾಶಿಯ ನಡುವೆ ದಾರಿ ಮಾಡಿಕೊಂಡು ನಡೆಯುತ್ತಾನೆ. ರಣರಂಗದ ಪಿಶಾಚಿಗಳಾದ ಮರುಳುಗಳು ಅವನನ್ನು ಹಂಗಿಸುತ್ತವೆ. ದ್ರೋಣ, ಅಭಿಮನ್ಯು, ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಗೆಳೆಯ ಕರ್ಣ, ಹೀಗೆ ಒಂದೊಂದು ಹೆಣದ ಮುಂದೆಯೂ ನಿಂತು ಆತ ಮರುಗುತ್ತಾನೆ. ವೈರಿಯ ಮಗನಾದ ಅಭಿಮನ್ಯುವಿನ ಮುಂದೆ ಕೈ ಮುಗಿದು ಅವನಂಥ ಸಾವು ತನಗೂ ಬರಲೆಂದು ಬೇಡುತ್ತಾನೆ. ತನ್ನ ಮಗನ ಮುಂದೆ, ಮಗನು ತಂದೆಗೆ ಕೊಡಬೇಕಾದ ತರ್ಪಣವನ್ನು ತಂದೆಯೇ ಮಗನಿಗೆ ಕೊಡುವಂತಾಯಿತಲ್ಲ ಎಂದು ಅಳುತ್ತಾನೆ. ಎಲ್ಲರೂ ಖಳನೆಂದು ಕರೆದವನ ಕಣ್ಣಿನಿಂದ ಯುದ್ಧದ ಲೆಕ್ಕವನ್ನು ತೋರಿಸಿದ ಈ ಕಾವ್ಯ ಸಾವಿರ ವರ್ಷಕ್ಕೂ ಹಳೆಯದು. ಆದರೆ ಮಕ್ಕಳಿಗಾಗಿ ಮಾಡುವ ಭಾರತದ ಸಂಗ್ರಹಗಳಲ್ಲಿ ಕುರುಕ್ಷೇತ್ರವೆಂದರೆ ಬಾಣಗಳು, ರಥಗಳು, ತೊಡೆ ಮುರಿದದ್ದು, ಅಷ್ಟೇ. ಈ ನಡಿಗೆಯನ್ನು ಬಿಟ್ಟುಬಿಡುತ್ತೇವೆ. ಇದು ನನ್ನನ್ನು ಬಹಳ ನೋಯಿಸುತ್ತದೆ.

ನಿಮ್ಮ ಊರಿಗೆ ಸಮೀಪದ, ಭೀಮಾ ತೀರದ ಸನ್ನತಿಯನ್ನೂ ನೆನೆಯಿರಿ. ಕಳಿಂಗ ಯುದ್ಧದಲ್ಲಿ ಒಂದು ಲಕ್ಷ ಜನ ಹತರಾದರೆಂದೂ ಒಂದೂವರೆ ಲಕ್ಷ ಜನರನ್ನು ಸೆರೆಯೊಯ್ದರೆಂದೂ ಅಶೋಕನು ತನ್ನ ಹದಿಮೂರನೆಯ ಶಿಲಾಶಾಸನದಲ್ಲಿ ತಾನೇ ಪಶ್ಚಾತ್ತಾಪದಿಂದ ಬರೆಸಿದ್ದಾನೆ. ಸನ್ನತಿಯಲ್ಲಿ ಆ ಶಾಸನ ಸಿಕ್ಕಿಲ್ಲ. ಕಳಿಂಗದ ಧೌಲಿ ಮತ್ತು ಜೌಗಡಗಳಲ್ಲಿಯೂ ಇರುವ, ‘ಪ್ರತ್ಯೇಕ ಶಾಸನ’ಗಳೆಂದು ಕರೆಯುವ ಎರಡು ಶಾಸನಗಳು ಇಲ್ಲಿ ಸಿಕ್ಕಿವೆ, ಅದೂ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿಯ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲಿನ ಮೇಲೆ. ‘ಎಲ್ಲ ಮನುಷ್ಯರೂ ನನ್ನ ಮಕ್ಕಳು’ ಎಂಬ ಅಶೋಕನ ಮಾತು ಬರುವುದು ಈ ಪ್ರತ್ಯೇಕ ಶಾಸನಗಳಲ್ಲಿಯೇ. ಗೆದ್ದ ಅರಸನೊಬ್ಬನು ಸೋತ ನಾಡಿನವರ ಹೆಣಗಳನ್ನು ಎಣಿಸಿ ಬರೆಸಿದ್ದನ್ನು ಮಕ್ಕಳಿಗೆ ಕತೆಯಾಗಿ ಹೇಳುವ ಲೇಖಕ ನಮ್ಮ ಭಾಗದಿಂದಲೇ ಬರಲಿ ಎಂಬುದು ನನ್ನ ಆಸೆ. ಹೊರಗಿನ ಕತೆಗಳನ್ನು ದೂರವಿಡುವ ಅಗತ್ಯ ಮಾತ್ರ ನನಗೆ ಕಾಣದು.

ಪ್ರಶ್ನೆ: ಕತೆಯಲ್ಲಿ ಪ್ರೀತಿಯ ಪಾತ್ರ ಸಾಯುವುದನ್ನು ಎಷ್ಟನೆಯ ವಯಸ್ಸಿನಿಂದ ಓದಿಸಬಹುದು?
— ಒಬ್ಬ ತಂದೆ, ಹುಮನಾಬಾದ್, ಬೀದರ್ ಜಿಲ್ಲೆ

ಉತ್ತರ: ವಯಸ್ಸಿನ ಗೆರೆಯನ್ನು ನಾನು ಎಳೆಯಲಾರೆ. ಮನೆಯಲ್ಲಿ ಮುತ್ಯಾ ತೀರಿಕೊಂಡದ್ದನ್ನು ಕಂಡ ಆರು ವರ್ಷದ ಮಗು ತಡೆದುಕೊಳ್ಳುವುದನ್ನು, ಸಾವನ್ನೇ ಕಾಣದ ಹತ್ತು ವರ್ಷದ ಮಗು ತಡೆದುಕೊಳ್ಳದಿರಬಹುದು. ಅಂಥ ಅಧ್ಯಾಯ ಬರುತ್ತದೆಂದು ತಿಳಿದಿದ್ದರೆ ರಾತ್ರಿ ಮಲಗುವ ಹೊತ್ತಿಗೆ ಓದಿಸದೆ ಹಗಲಿನಲ್ಲಿ, ನೀವೂ ಪಕ್ಕದಲ್ಲಿ ಕುಳಿತು ಓದಿಸಿ. ಮಗು ಅತ್ತರೆ ಅಳಲಿ.

ಪ್ರಶ್ನೆ: ನನಗೆ ಹದಿಮೂರು ವರ್ಷ. ನಾನು ಒಂದು ಮಾಯಾರಾಜ್ಯದ ಕತೆ ಬರೆಯುತ್ತಿದ್ದೇನೆ. ಅದರಲ್ಲಿ ಬೆಟ್ಟದ ಮೇಲಿನ ಕೋಟೆಯನ್ನು ಹತ್ತು ಲಕ್ಷ ಸೈನಿಕರು ಮುತ್ತುತ್ತಾರೆ. ಎರಡೂ ಕಡೆ ರೆಕ್ಕೆಯ ಸರ್ಪಗಳಿವೆ. ಯುದ್ಧ ಒಂದೇ ದಿನದಲ್ಲಿ ಮುಗಿಯುತ್ತದೆ. ಓದಿದ ಗೆಳತಿ ‘ಬ್ಯಾಸರ ಬರತದ’ ಅಂದಳು. ಏನು ತಪ್ಪಾಗಿದೆ?
— ಒಬ್ಬ ಓದುಗಳು, ಸುರಪುರ, ಯಾದಗಿರಿ ಜಿಲ್ಲೆ

ಉತ್ತರ: ಪ್ರೀತಿಯ ಮಗಳೇ, ನಿನ್ನ ಗೆಳತಿ ನಿನಗೆ ಉಪಕಾರ ಮಾಡಿದ್ದಾಳೆ. ಹತ್ತು ಲಕ್ಷ ಎಂದು ಬರೆಯಲು ಒಂದೇ ಕ್ಷಣ ಸಾಕು, ಆದರೆ ಓದುಗರ ಕಣ್ಣ ಮುಂದೆ ಅದರಿಂದ ಒಂದು ಮುಖವೂ ಮೂಡುವುದಿಲ್ಲ. ಮುನ್ನೂರು ಸೈನಿಕರನ್ನಿಟ್ಟುಕೊಂಡು, ಅವರಲ್ಲಿ ಐವರಿಗೆ ಹೆಸರು ಕೊಡು. ಐವರಲ್ಲಿ ಇಬ್ಬರು ಮುತ್ತಿಗೆ ಹಾಕುವ ಪಡೆಯವರಾಗಿರಲಿ.

ಇನ್ನು ಅವರಿಗೆಲ್ಲ ಹೊಟ್ಟೆ ಇದೆ ಎಂಬುದನ್ನು ಮರೆಯಬೇಡ. ಎತ್ತಿನ ಗಾಡಿಗಳೊಡನೆ ನಡೆಯುವ ಸೈನ್ಯ ದಿನಕ್ಕೆ ಹದಿನೈದು ಕಿಲೋಮೀಟರ್ ಸಾಗಿದರೆ ಹೆಚ್ಚು. ಒಂದು ಆನೆಗೆ ದಿನಕ್ಕೆ ನೂರು ಲೀಟರಿಗೂ ಹೆಚ್ಚು ನೀರು ಬೇಕು. ನಿನ್ನ ಸರ್ಪಕ್ಕೆ ಎಷ್ಟು ಬೇಕೆಂದು ನೀನೇ ನಿರ್ಧರಿಸು, ಆದರೆ ನಿರ್ಧರಿಸಿದ ಮೇಲೆ ಅದನ್ನು ಮೀರಬೇಡ. ಕೋಟೆಯೊಳಗಿನವರಿಗೆ ನೀರು ಎಲ್ಲಿಂದ ಬರುತ್ತದೆ ಎಂಬುದೇ ಮುತ್ತಿಗೆಯ ಅರ್ಧ ಕತೆ. ಬೀದರ್ ಕೋಟೆಯ ಸುತ್ತ ಬಂಡೆಯನ್ನೇ ಕಡಿದು ಮಾಡಿದ ಮೂರು ಸಾಲಿನ ಕಂದಕವಿದೆ. ನೌಬಾದ್ ಕಡೆ ನೆಲದಡಿಯಲ್ಲಿ ನೀರು ಹರಿಸಲು ಕೊರೆದ, ಜನ ಸುರಂಗ ಬಾವಿ ಎಂದು ಕರೆಯುವ ಕಾರೇಜ್ ಇದೆ. ಹೊರಗಿನಿಂದ ನೋಡುವವನಿಗೆ ಒಂದು ಹನಿಯೂ ಕಾಣದಂತೆ ಹರಿಯುವ ನೀರು! ಇದಕ್ಕಿಂತ ದೊಡ್ಡ ಮಾಯೆಯನ್ನು ನಾನು ಯಾವ ಪುಸ್ತಕದಲ್ಲಿಯೂ ಕಂಡಿಲ್ಲ, ಬೇಕಾದರೆ ನಿನ್ನ ಕೋಟೆಗೆ ತೆಗೆದುಕೋ.

ರೆಕ್ಕೆಯ ಸರ್ಪಗಳ ವಿಷಯದಲ್ಲಿ ಒಂದು ತೊಡಕಿದೆ. ಅವು ಗೋಡೆಯ ಮೇಲಿಂದ ಹಾರಿ ಬರಬಲ್ಲವಾದರೆ ಆ ರಾಜ್ಯದವರು ಇಷ್ಟು ಎತ್ತರದ ಗೋಡೆಯನ್ನು ಕಟ್ಟಿದ್ದೇಕೆ? ಸರ್ಪಗಳು ರಾತ್ರಿ ಹಾರಲಾರವೇ? ಹೊಗೆಗೆ ಅಂಜುತ್ತವೆಯೇ? ಈ ಪ್ರಶ್ನೆಗಳಿಗೆ ಉತ್ತರ ಹುಡುಕಿದರೆ ಯುದ್ಧ ಹೇಗೆ ನಡೆಯಬೇಕೆಂಬುದು ತಾನಾಗಿಯೇ ಹೊಳೆಯುತ್ತದೆ. ಮಂತ್ರ ಹಾಕುವವಳಿಗೆ ಅದರಿಂದ ಏನು ಖರ್ಚಾಗುತ್ತದೆ ಎಂಬುದನ್ನೂ ಬರೆ. ಸತ್ತವರನ್ನೆಲ್ಲ ಒಂದೇ ಮಂತ್ರದಿಂದ ಎಬ್ಬಿಸಿದರೆ ನಿನ್ನ ಗೆಳತಿ ಮತ್ತೆ ಆಕಳಿಸುತ್ತಾಳೆ.

ಒಂದೇ ದಿನದಲ್ಲಿ ಮುಗಿಸಬೇಡ. 1705ರಲ್ಲಿ ಔರಂಗಜೇಬನು ತನ್ನ ಎಂಬತ್ತು ದಾಟಿದ ವಯಸ್ಸಿನಲ್ಲಿ, ತಾನೇ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆ ನಿಮ್ಮ ಸುರಪುರಕ್ಕೆ ಸಮೀಪದ ವಾಗಿನಗೇರಿಯದು. ಅಷ್ಟು ದೊಡ್ಡ ಸೈನ್ಯಕ್ಕೂ ಸುಮಾರು ಮೂರು ತಿಂಗಳು ಹಿಡಿಯಿತು. ಕೊನೆಗೆ ಕೋಟೆ ಕೈಗೆ ಬಂದಾಗ ಬೇಡರ ನಾಯಕನೂ ಅವನ ಜನರೂ ರಾತ್ರಿ ನುಸುಳಿ ಹೊರಟುಹೋಗಿದ್ದರು. ರಜೆಯಲ್ಲಿ ಮನೆಯ ಹಿರಿಯರೊಬ್ಬರನ್ನು ಜೊತೆ ಮಾಡಿಕೊಂಡು ಹೋಗಿ ಆ ಗುಡ್ಡ ನೋಡಿ ಬಾ. ಮುತ್ತಿಗೆ ಹಾಕಿದವನು ಎಲ್ಲಿ ಡೇರೆ ಹೊಡೆದಿದ್ದಾನು, ಒಳಗಿದ್ದವರು ಕೂಸುಗಳ ಬಾಯಿ ಮುಚ್ಚಿಕೊಂಡು ಯಾವ ಇಳಿಜಾರಿನಲ್ಲಿ ಕತ್ತಲಲ್ಲಿ ಇಳಿದಾರು ಎಂದು ಬಂಡೆಗಳ ನಡುವೆ ನಿಂತು ಯೋಚಿಸು. ಹಾಗೆ ಇಳಿಯುವವರಲ್ಲಿ ನಿನ್ನ ವಯಸ್ಸಿನ ಹುಡುಗಿಯೊಬ್ಬಳಿರಲಿ. ಅವಳು ಏನನ್ನು ಎತ್ತಿಕೊಂಡು ಹೊರಟಳು, ಏನನ್ನು ಬಿಟ್ಟು ಬಂದಳು ಎಂಬುದರಿಂದ ಅಧ್ಯಾಯವನ್ನು ಮತ್ತೆ ಮೊದಲಿನಿಂದ ಬರೆದು ನನಗೆ ಕಳಿಸು.